ಪತಂಗದಿಂದ ಟಪಾಲಿನವರೆಗೆ

ಮುಂಬಯಿಯ ಜುಹೂ ಬಯಲಿನಿಂದ ಬಳ್ಳಾರಿಗೆ ಭೂಪಟದ ಮೇಲೆ ಒಂದು ನೇರ ಗೆರೆಯನ್ನೆಳೆದರೆ ಅದು ಕೃಷ್ಣೆಯನ್ನು ದಾಟಿ, ಕುಷ್ಟಗಿಯ ಮಗ್ಗುಲಲ್ಲಿ ಹಾದು, ಯಲಬುರ್ಗಾ ಕೊಪ್ಪಳಗಳನ್ನು ಬಲಕ್ಕೆ ಬಿಟ್ಟು, ಗಂಗಾವತಿಯ ಸಮೀಪದಲ್ಲಿಯೇ ಸಾಗಿ, ತುಂಗಭದ್ರೆಯನ್ನು ಹಾಯ್ದು ಬಳ್ಳಾರಿಯ ಬಂಡೆಗುಡ್ಡವನ್ನು ಮುಟ್ಟುತ್ತದೆ. ಈ ಗೆರೆಗೆ ಒಂದು ಚರಿತ್ರೆಯಿದೆ. 1932ನೆಯ ಇಸವಿ ಅಕ್ಟೋಬರ್ 15ರಂದು ಕರಾಚಿಯಿಂದ ವಿಮಾನದಲ್ಲಿ ಹೊರಟ ಟಪಾಲು ಅಹಮದಾಬಾದು, ಮುಂಬಯಿಗಳ ಮೂಲಕ ಬಳ್ಳಾರಿಗೆ ಬಂದು, ಅಲ್ಲಿ ರಾತ್ರಿ ತಂಗಿ, ಮರುದಿನ ಮದರಾಸನ್ನು ಸೇರಿತು. ಗಾಳಿ ಮೋಡಗಳ ಒಲವಿಗೆ ತಕ್ಕಂತೆ ವೈಮಾನಿಕನು ಗೆರೆಯಿಂದ ಅತ್ತಿತ್ತ ಸರಿದಿರಬಹುದು. ಆದರೂ ಭಾರತೀಯರದೇ ಬಂಡವಾಳದಿಂದ ನಡೆದ ಆ ಮೊದಲ ಆಕಾಶ ಟಪಾಲು ನಮ್ಮ ಈ ಎರೆಭೂಮಿಯ ಆಸುಪಾಸಿನಲ್ಲಿ ಹಾರಿಹೋಯಿತೆಂಬುದನ್ನು ಎಣಿಸಿದಾಗ ಮನಸ್ಸಿಗೆ ಒಂದು ಬಗೆಯ ಪುಲಕವಾಗುತ್ತದೆ. ಆ ಕಾರ್ಯದ ಕರ್ತೃ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ. ಜನರ ಬಾಯಲ್ಲಿ ಜೆ. ಆರ್. ಡಿ.

ಕನ್ನಡ ಪಾಠ ಹೇಳುವವನಿಗೆ ವಿಮಾನದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಕಾವ್ಯಗಳಲ್ಲಿ ವಿಮಾನಗಳಿಗೆ ಬರವಿಲ್ಲ. ಪುಷ್ಪಕವಿದೆ; ಜೈನ ಪುರಾಣಗಳಲ್ಲಿ ವಿದ್ಯಾಧರರು ಗಗನದಲ್ಲಿ ಸ್ವೇಚ್ಛೆಯಾಗಿ ವಿಹರಿಸುತ್ತಾರೆ. ಆದರೆ ಆ ಹಾರಾಟವೆಲ್ಲ ಏರಿದವನ ಸುಖಕ್ಕಾಗಿ, ಗೆದ್ದವನ ವೈಭವಕ್ಕಾಗಿ. ಕೆಳಗೆ ನೆಲದಲ್ಲಿರುವ ಅಪರಿಚಿತನೊಬ್ಬನಿಗೆ ಓಲೆ ಮುಟ್ಟಿಸಲೆಂದು ವಿಮಾನವೇರಿದವರು ನಮ್ಮ ಪುರಾಣಗಳಲ್ಲಿ ನನಗೆ ಕಂಡಿಲ್ಲ. ತರಗತಿಯಲ್ಲಿ ವಿದ್ಯಾರ್ಥಿಗಳನ್ನು ಕೇಳಿದರೆ ಟಾಟಾ ಎಂದೊಡನೆ ಉಕ್ಕು, ಉಪ್ಪು, ಲಾರಿಗಳ ಹೆಸರು ಹೇಳುತ್ತಾರೆ. ಈ ಮನುಷ್ಯನ ಬಾಳಿನಲ್ಲಿ ನನ್ನನ್ನು ಸೆಳೆಯುವ ಸಂಗತಿ ಬೇರೆ. ಒಬ್ಬನೇ ಕುಳಿತು ಹಾರುವ ಆನಂದವು ಹೇಗೆ ಹತ್ತು ಜನರ ಹೊಣೆಯಾಗಿ ಮಾರ್ಪಟ್ಟಿತು, ಆ ಹೊಣೆ ಕೈತಪ್ಪಿದ ಮೇಲೂ ಆನಂದವು ಹೇಗೆ ಉಳಿಯಿತು ಎಂಬುದೇ ಆ ಸಂಗತಿ.

ಅವರು ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್ ನಗರದಲ್ಲಿ. ತಂದೆ ರತನ್‌ಜಿ ದಾದಾಭಾಯಿ ಟಾಟಾ, ಟಾಟಾ ಉದ್ಯಮಗಳ ಮೂಲಪುರುಷ ಜಮ್ಶೆಟ್‌ಜಿಯವರ ಬಂಧು ಮತ್ತು ಸಹೋದ್ಯೋಗಿ. ತಾಯಿ ಸೂಜಾನ್ ಬ್ರಿಯೇರ್ ಫ್ರೆಂಚ್ ಮಹಿಳೆ. ಮನೆಯ ಮಾತು ಫ್ರೆಂಚ್. ಬಾಲ್ಯವು ಫ್ರಾನ್ಸ್, ಭಾರತ, ಜಪಾನುಗಳ ನಡುವೆ ಹಂಚಿಹೋಯಿತು. ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ ಆರ್ದ್‌ಲೋ ಎಂಬ ಊರಿನಲ್ಲಿ ಈ ಕುಟುಂಬಕ್ಕೆ ಬೇಸಿಗೆಯ ಮನೆಯಿತ್ತು. ವಿಧಿಯ ಯೋಗವೆಂಬಂತೆ, 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿ ಜಗತ್ತನ್ನೇ ಬೆರಗುಗೊಳಿಸಿದ್ದ ಲೂಯಿ ಬ್ಲೇರಿಯೋ ಅವರ ಮನೆಯೂ ಅದೇ ಊರಿನಲ್ಲಿತ್ತು. ಕಡಲ ಮರಳಿನ ಮೇಲೆ ವಿಮಾನ ಇಳಿಯುವುದನ್ನು ಕಣ್ಣರಳಿಸಿ ನೋಡಿದ ಬಾಲಕ ಹದಿನೈದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನವೇರಿದ. ಅಂದು ಹಿಡಿದ ಗೀಳು ಎಂಬತ್ತರ ಹೊಸ್ತಿಲವರೆಗೂ ಬಿಡಲಿಲ್ಲ.

ಯೌವನದ ಮೊದಲ ಪಾದವು ಸುಖದಾಯಕವಾಗಿರಲಿಲ್ಲ. 1923ರಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಫ್ರೆಂಚ್ ಪ್ರಜೆಯಾದುದರಿಂದ ಆ ದೇಶದ ಸೈನ್ಯದಲ್ಲಿ ಒಂದು ವರ್ಷ ಸೇವೆ ಸಲ್ಲಿಸಬೇಕಾಯಿತು. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಬೇಕೆಂಬ ಹಂಬಲವಿತ್ತು. ತಂದೆ 1925ರ ಕೊನೆಯಲ್ಲಿ ಮುಂಬಯಿಗೆ ಕರೆಸಿಕೊಂಡು, ಸಂಬಳವಿಲ್ಲದ ಉಮೇದುವಾರನಾಗಿ ಕಚೇರಿಯಲ್ಲಿ ಕೂರಿಸಿದರು. ಮರುವರ್ಷವೇ ತಂದೆಯೂ ಕಾಲವಾದರು. ಇಪ್ಪತ್ತೆರಡರ ಹರೆಯದಲ್ಲಿ ತಮ್ಮ ತಂಗಿಯರ ಮೇಲ್ವಿಚಾರಣೆಯೂ ವ್ಯಾಪಾರದ ಭಾರವೂ ಹೆಗಲೇರಿದವು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತದ ಕೊರಗು ಅವರಲ್ಲಿ ಕೊನೆಯವರೆಗೂ ಇತ್ತು. ಪದವಿಯಿಲ್ಲದವರು ಓದಿನ ಮೇಲೆ ಇಟ್ಟ ಗೌರವವನ್ನು ಪದವೀಧರರಾದ ನಾವು ಇಡುತ್ತೇವೆಯೆ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಇಲ್ಲಿ ಆ ಕಾಲದ ಪುಟ್ಟ ವಿಮಾನಗಳ ವಿಚಾರವನ್ನು ಕೊಂಚ ಹೇಳಬೇಕು. ವಿಮಾನದ ಆದಿಪರ್ವದಲ್ಲಿ ಒಂದರ ಮೇಲೊಂದು ರೆಕ್ಕೆಯಿಟ್ಟು, ನಡುವೆ ಕಂಬಗಳನ್ನು ನಿಲ್ಲಿಸಿ, ತಂತಿಗಳಿಂದ ಬಿಗಿಯುವುದು ರೂಢಿಯಾಗಿತ್ತು. ಎಂಜಿನ್ನುಗಳು ದುರ್ಬಲವಾದುದರಿಂದ ಹಗುರಾದ ಮೈಗೆ ಅಗಲವಾದ ಆಸರೆ ಬೇಕಾಗುತ್ತಿತ್ತು. ಜೋಡಿರೆಕ್ಕೆಯ ಕಟ್ಟು ಸೇತುವೆಯ ಕಟ್ಟಿನಂತೆ ಕಡಿಮೆ ತೂಕದಲ್ಲಿ ಹೆಚ್ಚು ಬಲವನ್ನು ಕೊಡುತ್ತಿತ್ತು. ಇಂಗ್ಲೆಂಡಿನಲ್ಲಿ ಒಬ್ಬನೇ ಕುಳಿತು ಪಂದ್ಯಕ್ಕೂ ವಿನೋದಕ್ಕೂ ಹಾರುವ ಇಂಥ ವಿಮಾನಗಳು ಬಹು ಬೇಗ ಹುಟ್ಟಿದವು. 1914ರ ಏಪ್ರಿಲ್‌ನಲ್ಲಿ ಮೊನಾಕೋದಲ್ಲಿ ನಡೆದ ಶ್ನೈಡರ್ ಪಾರಿತೋಷಕದ ಪಂದ್ಯವನ್ನು ಸಾಪ್‌ವಿತ್ ಕಂಪನಿಯ ಟ್ಯಾಬ್ಲಾಯ್ಡ್ ಎಂಬ ಪುಟ್ಟ ಜೋಡಿರೆಕ್ಕೆಯ ವಿಮಾನ ಗೆದ್ದಿತು. ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಆವ್ರೋ ಕಂಪನಿಯವರು ಬೇಬಿ ಎಂಬ ಹೆಸರಿನ, ಒಬ್ಬನಿಗೇ ಆಸನವುಳ್ಳ ವಿಮಾನವನ್ನು ಕಟ್ಟಿದರು. ಸುಮಾರು 35 ಅಶ್ವಶಕ್ತಿಯ ಎಂಜಿನ್ನಿನ ಆ ಕೂಸನ್ನು ಏರಿ ಬರ್ಟ್ ಹಿಂಕ್ಲರ್ ಎಂಬ ಆಸ್ಟ್ರೇಲಿಯದ ವೈಮಾನಿಕ 1920ರಲ್ಲಿ ಲಂಡನಿನಿಂದ ಇಟಲಿಯ ಟ್ಯೂರಿನ್‌ವರೆಗೆ ಎಲ್ಲಿಯೂ ಇಳಿಯದೆ ಹಾರಿದ. ದೊರೆಗಳ ಸೈನ್ಯವೂ ಸರಕಾರದ ಬೊಕ್ಕಸವೂ ಇಲ್ಲದೆ, ಒಬ್ಬ ಮನುಷ್ಯ ಒಂದು ಚಿಕ್ಕ ಯಂತ್ರದೊಡನೆ ದೇಶಗಳನ್ನು ದಾಟಬಲ್ಲನೆಂಬ ನಂಬಿಕೆ ಹೀಗೆ ಬೇರೂರಿತು. ಈ ವಂಶದ ಕುಡಿಯಾಗಿ 1925ರಲ್ಲಿ ಜೆಫ್ರಿ ಡಿ ಹ್ಯಾವಿಲೆಂಡ್ ಅವರ ಮಾತ್ ಮೇಲೇರಿತು. ಮಾತ್ ಎಂದರೆ ಪತಂಗ. ಆತ ಪತಂಗಗಳನ್ನು ಸಂಗ್ರಹಿಸುವ ಹವ್ಯಾಸಿಯಾಗಿದ್ದುದರಿಂದ ಆ ಹೆಸರು. ಮರದ ಮೈ, ಬಟ್ಟೆ ಹೊದಿಸಿದ ರೆಕ್ಕೆ, ಸುಮಾರು 30 ಅಡಿಯ ವಿಸ್ತಾರ, ನೆಲದ ಮೇಲಿದ್ದಾಗ ಹಿಂದಕ್ಕೆ ಮಡಿಸಿಡಬಹುದಾದ ರೆಕ್ಕೆಗಳು, ತೆರೆದ ಗೂಡಿನಲ್ಲಿ ಒಂದರ ಹಿಂದೊಂದು ಎರಡು ಆಸನಗಳು. 1928ರ ಹೊತ್ತಿಗೆ ಇದಕ್ಕೆ ಜಿಪ್ಸಿ ಎಂಜಿನ್ನು ಕೂಡಿ ಜಿಪ್ಸಿ ಮಾತ್ ಎಂಬ ಹೆಸರಾಯಿತು. ಲೋಕದ ಹಾರಾಟದ ಕ್ಲಬ್ಬುಗಳೆಲ್ಲ ಅದನ್ನು ಬರಮಾಡಿಕೊಂಡವು.

1929ರಲ್ಲಿ ಮುಂಬಯಿಯಲ್ಲಿ ಹಾರಾಟದ ಕ್ಲಬ್ ತೆರೆದೊಡನೆ ಜೆ. ಆರ್. ಡಿ. ಅಲ್ಲಿಗೆ ಧಾವಿಸಿದರು. ಶಿಕ್ಷಕನೊಡನೆ ನಾಲ್ಕು ಗಂಟೆಯೂ ತುಂಬದ ಅಭ್ಯಾಸದ ಬಳಿಕ ಒಂಟಿಯಾಗಿ ಹಾರಿದರು. ಆ ವರ್ಷದ ಫೆಬ್ರವರಿ 10ರಂದು ಅವರ ಕೈಸೇರಿದ ಲೈಸೆನ್ಸಿನ ಮೇಲೆ ಇದ್ದ ಸಂಖ್ಯೆ 1. ಭಾರತದಲ್ಲಿ ಕೊಟ್ಟ ಮೊದಲ ವೈಮಾನಿಕ ಪರವಾನಗಿ ಅದು. ಫ್ರೆಂಚ್ ಪೌರತ್ವವನ್ನು ಬಿಟ್ಟುಕೊಟ್ಟದ್ದೂ ಅದೇ ವರ್ಷ. ಒಂದು ನೆಲದ ನಂಟನ್ನು ಕಾಗದದ ಮೇಲೆ ಕಡಿದುಕೊಂಡ ವರ್ಷದಲ್ಲಿಯೇ ಆಕಾಶದ ನಂಟು ಕಾಗದದ ಮೇಲೆ ಬಂದಿತು.

ಆಗ ಆಗಾಖಾನರು ಒಂದು ಪಂದ್ಯವನ್ನು ಸಾರಿದರು. ಇಂಗ್ಲೆಂಡಿನಿಂದ ಭಾರತಕ್ಕೆ ಅಥವಾ ಭಾರತದಿಂದ ಇಂಗ್ಲೆಂಡಿಗೆ ಗೊತ್ತಾದ ಅವಧಿಯೊಳಗೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡು ಬಹುಮಾನ. ಮೂವರು ಕಣಕ್ಕಿಳಿದರು: ಮನಮೋಹನ ಸಿಂಗ್ ಎಂಬ ಸಾಹಸಿ, ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್ ಮತ್ತು ಜೆ. ಆರ್. ಡಿ. ಸಿಂಗ್ ಅವರು ಗುರಿ ಮುಟ್ಟಿದರೂ ಅವಧಿ ಮೀರಿತ್ತು. ಆಸ್ಪಿ ಇಂಗ್ಲೆಂಡಿನಿಂದ ಪೂರ್ವಕ್ಕೆ ಹಾರುತ್ತಿದ್ದ. 1930ರ ಮೇ ತಿಂಗಳ ಆರಂಭದಲ್ಲಿ ಜೆ. ಆರ್. ಡಿ. ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಅವರ ಜಿಪ್ಸಿ ಮಾತ್‌ನಲ್ಲಿ ಎರಡನೆಯ ಆಸನ ಬರಿದಾಗಿತ್ತು. ರೇಡಿಯೋ ಇಲ್ಲ, ಮಾತಿಗೆ ಜೊತೆಯಿಲ್ಲ. ಮುಖಕ್ಕೆ ಬಡಿಯುವ ಗಾಳಿ, ಮೊಣಕಾಲ ಮೇಲಿನ ಭೂಪಟ, ಕೆಳಗೆ ಮರಳುಗಾಡು. ಆಮಿ ಜಾನ್ಸನ್ ಎಂಬ ಇಂಗ್ಲಿಷ್ ತರುಣಿ ಇಂಥದೇ ಪತಂಗವನ್ನೇರಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿ ಕೀರ್ತಿ ಪಡೆದದ್ದೂ ಅದೇ ತಿಂಗಳು.

ಈಜಿಪ್ತಿನ ಅಬೂಕೀರ್ ಎಂಬಲ್ಲಿ ಇಬ್ಬರು ಪ್ರತಿಸ್ಪರ್ಧಿಗಳೂ ಎದುರಾದರು. ಆಸ್ಪಿಯ ವಿಮಾನ ನೆಲ ಹಿಡಿದಿತ್ತು. ಎಂಜಿನ್ನಿಗೆ ಕಿಡಿಯೊದಗಿಸುವ ಪ್ಲಗ್ಗು ಕೆಟ್ಟು, ಬದಲಿಗೆ ಬೇರೆಯದು ಸಿಕ್ಕದೆ ಹುಡುಗ ದಿಕ್ಕುಗೆಟ್ಟು ಕುಳಿತಿದ್ದ. ಜೆ. ಆರ್. ಡಿ. ತಮ್ಮ ಬಳಿಯಿದ್ದುದನ್ನು ತೆಗೆದು ಅವನಿಗೆ ಕೊಟ್ಟರು. ಆಸ್ಪಿ ಹಾರಿದ, ಮೇ 11ರಂದು ಕರಾಚಿಯನ್ನು ಸೇರಿದ, ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನವನ್ನೂ ಗೆದ್ದ. ಸುಮ್ಮನೆ ತಲೆಯಾಡಿಸಿ ಮುಂದೆ ಹೋಗಿದ್ದರೆ ಜೆ. ಆರ್. ಡಿ.ಯವರನ್ನು ದೂರುವವರು ಯಾರೂ ಇರಲಿಲ್ಲ. ಆದರೆ ಆಟದ ನಿಯಮಗಳಿಗಿಂತ ಮೇಲೆ ಆಟಗಾರರ ನಡುವಿನ ಒಂದು ಧರ್ಮವಿದೆ. ಆ ಗೆಲುವು ಆಸ್ಪಿಗೆ ವಾಯುಪಡೆಯ ಬಾಗಿಲು ತೆರೆಯಲು ನೆರವಾಯಿತು. ಅದೇ ಹುಡುಗ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಮುಖ್ಯಸ್ಥನಾಗಿ, 1960ರಿಂದ 1964ರವರೆಗೆ ಭಾರತದ ವಾಯುಪಡೆಯ ದಂಡನಾಯಕನೂ ಆದುದನ್ನು ನೆನೆದರೆ, ಅಬೂಕೀರಿನಲ್ಲಿ ಕೈಬದಲಾದ ವಸ್ತು ಎಷ್ಟು ಬೆಲೆಯುಳ್ಳದ್ದೆಂಬುದು ಗೊತ್ತಾಗುತ್ತದೆ.

ಇಷ್ಟರಲ್ಲಿ ನಿಂತಿದ್ದರೆ ಇದು ಸಿರಿವಂತರ ಮಗನೊಬ್ಬನ ವಿನೋದದ ಕಥೆಯಾಗಿ ಉಳಿಯುತ್ತಿತ್ತು. ಅದನ್ನು ತಿರುಗಿಸಿದವರು ನೆವಿಲ್ ವಿನ್ಸೆಂಟ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಬ್ರಿಟಿಷ್ ವಾಯುಪಡೆಯಲ್ಲಿ ದುಡಿದು, ಭಾರತದ ಊರೂರುಗಳಲ್ಲಿ ಜನರನ್ನು ವಿಮಾನದಲ್ಲಿ ಕೂರಿಸಿ ಸುತ್ತಿಸುತ್ತಿದ್ದ ಈ ವೈಮಾನಿಕನ ತಲೆಯಲ್ಲಿ ಒಂದು ಯೋಜನೆಯಿತ್ತು. 1929ರಿಂದ ಲಂಡನಿನ ಆಕಾಶ ಟಪಾಲು ಕರಾಚಿಗೆ ಬರುತ್ತಿತ್ತು. ಅಲ್ಲಿಂದ ಮುಂದೆ ದಕ್ಷಿಣಕ್ಕೆ ರೈಲೇ ಗತಿ. ಕರಾಚಿಯಿಂದ ಮದರಾಸಿನವರೆಗೆ ವಿಮಾನದಲ್ಲಿಯೇ ಅದನ್ನು ಒಯ್ಯಬಾರದೇಕೆ? ಜೆ. ಆರ್. ಡಿ. ಈ ಯೋಜನೆಯನ್ನು ಹೊತ್ತು ಹಿರಿಯರಾದ ದೊರಾಬ್‌ಜಿ ಟಾಟಾ ಅವರ ಮುಂದಿಟ್ಟರು. ವೃದ್ಧರಿಗೆ ನಂಬಿಕೆ ಸಾಲದು. ಜಾನ್ ಪೀಟರ್ಸನ್ ಎಂಬ ಹಿರಿಯ ಅಧಿಕಾರಿಯ ಒತ್ತಾಸೆಯಿಂದ ಎರಡು ಲಕ್ಷ ರೂಪಾಯಿ ಮಂಜೂರಾಯಿತು. ಆದರೆ ಸರಕಾರ ಮೂರು ವರ್ಷ ಹಿಂದುಮುಂದು ನೋಡಿತು. ಕೊನೆಗೆ ಸಹಾಯಧನದ ಮಾತನ್ನೇ ಕೈಬಿಟ್ಟು, ಹೊತ್ತ ಟಪಾಲಿಗಷ್ಟೇ ಕೂಲಿ ಸಾಕೆಂದಾಗ 1932ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು.

ಆ ಅಕ್ಟೋಬರ್ 15ರ ಬೆಳಿಗ್ಗೆ ಜೆ. ಆರ್. ಡಿ. ಕರಾಚಿಯಿಂದ ಪುಸ್ ಮಾತ್ ವಿಮಾನದಲ್ಲಿ ಹೊರಟರು. ಪತಂಗದ ಕುಲದ್ದೇ ಆದರೂ ಇದು ಒಂದೇ ಜೊತೆ ರೆಕ್ಕೆಯ, ಮುಚ್ಚಿದ ಗೂಡಿನ ವಿಮಾನ. ಹೊರೆ 55 ಪೌಂಡಿನ ಟಪಾಲು ಚೀಲ. ನಮ್ಮ ರೈತನೊಬ್ಬ ಹೆಗಲ ಮೇಲೆ ಸಂತೆಗೆ ಹೊತ್ತೊಯ್ಯಬಹುದಾದ ತೂಕ. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು. ಮಧ್ಯಾಹ್ನದ ಹೊತ್ತಿಗೆ ಜುಹೂ ತಲುಪಿ ಟಪಾಲನ್ನು ವಿನ್ಸೆಂಟರಿಗೆ ಒಪ್ಪಿಸಿದರು. ಅಂದಿನ ಜುಹೂ ವಿಮಾನನಿಲ್ದಾಣವೆಂದರೆ ಕಡಲ ಮಗ್ಗುಲಿನ ಕೆಸರು ಬಯಲು. ಮಳೆಗಾಲದಲ್ಲಿ ಅದು ನೀರಿನಲ್ಲಿ ಮುಳುಗುತ್ತಿದ್ದುದರಿಂದ ಇಡೀ ಬಿಡಾರವನ್ನು ಪುಣೆಗೆ ಸಾಗಿಸಬೇಕಾಗುತ್ತಿತ್ತು. ಅಲ್ಲಿಂದ ವಿನ್ಸೆಂಟರು ಬಳ್ಳಾರಿಯ ದಿಕ್ಕು ಹಿಡಿದರು.

ಈ ಹಾದಿಯ ಕೆಳಗಿದ್ದ ನಮ್ಮ ನಾಡಿನ ಸ್ಥಿತಿ ಆಗ ಹೇಗಿತ್ತು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಹೊಳೆಯಾಚೆಯ ಬಳ್ಳಾರಿ ಮದರಾಸು ಪ್ರಾಂತಕ್ಕೆ. ಆಡುವ ನುಡಿ ಕನ್ನಡ, ಕಚೇರಿಯ ನುಡಿ ಉರ್ದು. ನಿಜಾಮರಿಗೆ ತಮ್ಮದೇ ಅಂಚೆಯಿತ್ತು, ತಮ್ಮದೇ ಸ್ಟಾಂಪಿತ್ತು. ಆ ಸ್ಟಾಂಪು ಸಂಸ್ಥಾನದ ಗಡಿಯೊಳಗೆ ಮಾತ್ರ ಸಲ್ಲುತ್ತಿತ್ತು. ಹೀಗಾಗಿ ಕರಾಚಿಯ ಕಾಗದ ಒಂದೂವರೆ ದಿನದಲ್ಲಿ ಮದರಾಸಿಗೆ ಹೋಗುವ ಆಕಾಶದ ಕೆಳಗೆ, ಕುಷ್ಟಗಿಯಲ್ಲಿ ಹಚ್ಚಿದ ನಿಜಾಮರ ಸ್ಟಾಂಪಿನ ಕಾಗದ ತುಂಗಭದ್ರೆಯ ಆಚೆ ದಡದಲ್ಲಿ ಬೆಲೆಯಿಲ್ಲದ್ದಾಗುತ್ತಿತ್ತು. ಅಕ್ಷರ ಬಲ್ಲವರೇ ವಿರಳವಾಗಿದ್ದ ಹಳ್ಳಿಗಳಲ್ಲಿ ಆ ವಿಮಾನದ ಸದ್ದು ಕಿವಿಗೆ ಬಿದ್ದಿದ್ದರೂ ಅದರ ಹೊಟ್ಟೆಯಲ್ಲಿರುವುದು ಕಾಗದಗಳೆಂದು ಯಾರು ತಾನೆ ಊಹಿಸಿಯಾರು? ವ್ಯಾಪಾರಿಗಳೂ ಅಧಿಕಾರಿಗಳೂ ಬರೆದುಕೊಂಡ ಓಲೆಗಳು ಅವು. ನಮ್ಮವರ ಪಾಲು ಅದರಲ್ಲಿ ಇರಲಿಲ್ಲವೆಂದೇ ಹೇಳಬೇಕು. ಈ ಮಾತನ್ನು ಮರೆತು ಹೊಗಳುವುದು ನ್ಯಾಯವಲ್ಲ. ಆದರೆ ಹೊಳೆಗೂ ಗಡಿಗೂ ತಲೆಬಾಗದ ದಾರಿಯೊಂದು ಮೇಲೆ ತೆರೆಯಿತೆಂಬುದೂ ಅಷ್ಟೇ ನಿಜ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು, 1956ರಲ್ಲಿ ಹೊಳೆಯ ಎರಡು ದಡಗಳೂ ಒಂದೇ ಕನ್ನಡ ರಾಜ್ಯದಲ್ಲಿ ಕೂಡಿದವು. ಕೆಳಗಿನ ಗೆರೆಗಳು ಅಳಿಸುವುದಕ್ಕೆ ಎಷ್ಟೋ ಮುಂಚೆ ಮೇಲಿನ ಗೆರೆ ಅವುಗಳನ್ನು ದಾಟಿತ್ತು.

ಬಳ್ಳಾರಿಯ ಭಾಗ್ಯ ಬಹುಕಾಲ ಉಳಿಯಲಿಲ್ಲ. ಕೆಲವು ವರ್ಷಗಳಲ್ಲಿಯೇ ಅದರ ಬದಲು ಹೈದರಾಬಾದು ತಂಗುದಾಣವಾಯಿತು. ಸೇವೆಯಾದರೋ ಬೆಳೆಯಿತು. ಎರಡು ಪುಟ್ಟ ವಿಮಾನಗಳು, ಬೆರಳೆಣಿಕೆಯ ಸಿಬ್ಬಂದಿ. 1933ರ ಒಂದೇ ವರ್ಷದಲ್ಲಿ 1,60,000 ಮೈಲಿಗಳ ಹಾರಾಟ, ಹತ್ತು ಟನ್ನಿಗೂ ಮಿಕ್ಕಿದ ಟಪಾಲು, 155 ಪ್ರಯಾಣಿಕರು. ವೇಳೆ ತಪ್ಪದ ಅದರ ನಡೆ ಸರಕಾರದ ಮೆಚ್ಚುಗೆಯನ್ನೂ ಪಡೆಯಿತು. ದಿಕ್ಕು ಹೇಳುವ ರೇಡಿಯೋ ಇಲ್ಲದೆ, ನದಿ, ಬೆಟ್ಟ, ರೈಲು ಹಳಿಗಳನ್ನು ಕಣ್ಣಿನಲ್ಲಿ ಗುರುತಿಸುತ್ತ ಮುಂಗಾರಿನ ಮೋಡಗಳ ನಡುವೆ ಹಾರಿದವರ ಸಾಧನೆ ಅದು. ಒಂಟಿ ಹಾರಾಟದಲ್ಲಿ ಕಲಿತ ಎಚ್ಚರ ಇಲ್ಲಿ ಹೊಣೆಯ ರೂಪ ತಾಳಿತು. ಪಂದ್ಯದಲ್ಲಿ ತಡವಾದರೆ ಬಹುಮಾನ ಹೋಗುತ್ತದೆ, ಅಷ್ಟೆ. ಟಪಾಲು ತಡವಾದರೆ ಎಲ್ಲಿಯೋ ಒಬ್ಬ ಮಗನ ಸುದ್ದಿ ತಾಯಿಗೆ ತಡವಾಗಿ ಮುಟ್ಟುತ್ತದೆ.

1938ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಜೆ. ಆರ್. ಡಿ. ಟಾಟಾ ಉದ್ಯಮಗಳ ಅಧ್ಯಕ್ಷರಾದರು. 1942ರಲ್ಲಿ ವಿನ್ಸೆಂಟರು ಯುದ್ಧವಿಮಾನವೊಂದರಲ್ಲಿ ಪ್ರಯಾಣ ಮಾಡುತ್ತಿದ್ದಾಗ ಮಡಿದರು. ಬಳ್ಳಾರಿಗೆ ಮೊದಲ ಆಕಾಶ ಟಪಾಲನ್ನು ತಂದ ಈ ಗೆಳೆಯನನ್ನು ಜೆ. ಆರ್. ಡಿ. ಎಂದೂ ಮರೆಯಲಿಲ್ಲ, ನಾವು ಮಾತ್ರ ಮರೆತಿದ್ದೇವೆ. 1946ರಲ್ಲಿ ಟಾಟಾ ವಿಮಾನಸಂಸ್ಥೆ ಏರ್ ಇಂಡಿಯಾ ಎಂಬ ಹೆಸರು ತಳೆಯಿತು. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನಿಗೆ ಅದರ ಮೊದಲ ವಿದೇಶಯಾನ ಹೊರಟಿತು. 1953ರಲ್ಲಿ ಸರಕಾರ ವಿಮಾನಸಂಸ್ಥೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ ಅವರಿಗೆ ನೋವಾಯಿತು. ಆ ಕ್ರಮವನ್ನು ಅವರು ಒಪ್ಪಿರಲಿಲ್ಲ. ಆದರೂ ನೆಹರೂ ಅವರ ಕೋರಿಕೆಯಂತೆ ಸಂಬಳವಿಲ್ಲದೆ ಅಧ್ಯಕ್ಷರಾಗಿ ಉಳಿದರು. ತನ್ನದಾಗಿದ್ದ ತೋಟ ಪರರದಾದ ಮೇಲೆ ಅದಕ್ಕೆ ನೀರೆರೆಯುವ ಮಾಲಿಯ ಕೆಲಸ ಅದು. ವಿಮಾನದಲ್ಲಿ ಕುಳಿತಾಗಲೆಲ್ಲ ಚಹದ ಬಣ್ಣದಿಂದ ಹಿಡಿದು ಪರದೆಯ ಕೊಳೆಯವರೆಗೆ ಕಂಡುದನ್ನು ಬರೆದು ಅಧಿಕಾರಿಗಳಿಗೆ ಕಳುಹಿಸುತ್ತಿದ್ದರು.

ಜೀವನಚರಿತ್ರೆ ಬರೆಯುವವನು ಹೊಗಳುಭಟನಾಗಬಾರದು. 1975ರ ತುರ್ತು ಪರಿಸ್ಥಿತಿಯ ಬಗ್ಗೆ ಅವರು ತೋರಿದ ಮೆಚ್ಚುಗೆಯನ್ನು ನಾನು ಒಪ್ಪಲಾರೆ. ಹೊತ್ತಿಗೆ ಸರಿಯಾಗಿ ಕೆಲಸ ನಡೆಯಬೇಕೆಂಬ ಹಟವು ಕೆಲವೊಮ್ಮೆ ಸ್ವಾತಂತ್ರ್ಯದ ಬೆಲೆಯನ್ನು ಮರೆಸುತ್ತದೆ. ವಿಧಿ ಬೇರೊಂದು ರೂಪದಲ್ಲಿ ಅವರನ್ನು ಪರೀಕ್ಷಿಸಿತು. 1978ರ ಜನವರಿ 1ರಂದು ಏರ್ ಇಂಡಿಯಾದ ಸಾಮ್ರಾಟ್ ಅಶೋಕ ಎಂಬ ವಿಮಾನ ಮುಂಬಯಿಯ ಕಡಲಿಗೆ ಬಿದ್ದು 213 ಜನರು ಸತ್ತರು. ಮುಂದಿನ ತಿಂಗಳು ಮೊರಾರ್ಜಿ ದೇಸಾಯಿಯವರ ಸರಕಾರ ಜೆ. ಆರ್. ಡಿ.ಯವರನ್ನು ಅಧ್ಯಕ್ಷಪದವಿಯಿಂದ ತೆಗೆದುಹಾಕಿತು. ನಾಲ್ವತ್ತೈದು ವರ್ಷ ಸಾಕಿದ ಸಂಸ್ಥೆಯಿಂದ ತಮ್ಮನ್ನು ಕಳಚಿದ ಸುದ್ದಿ ಅವರಿಗೆ ಮೊದಲು ತಲುಪಿದ್ದೂ ಬೇರೆಯವರ ಬಾಯಿಂದ. ಸಂಸ್ಥೆಯ ನೌಕರರು ಮರುಗಿದರು. ಅವರು ಬೀದಿರಂಪ ಮಾಡಲಿಲ್ಲ. 1980ರಲ್ಲಿ ಇಂದಿರಾ ಗಾಂಧಿಯವರ ಸರಕಾರ ಅವರನ್ನು ಮತ್ತೆ ನಿರ್ದೇಶಕ ಮಂಡಲಿಗೆ ಕರೆದುಕೊಂಡಿತು. ಅಧ್ಯಕ್ಷಪೀಠ ಮರಳಿ ಬರಲಿಲ್ಲ.

ಈ ಬಾಳಿನ ಅತ್ಯಂತ ಸುಂದರವಾದ ಘಟನೆ ನನ್ನ ದೃಷ್ಟಿಯಲ್ಲಿ ಇದರ ಬಳಿಕ ನಡೆಯಿತು. 1982ರ ಅಕ್ಟೋಬರ್ 15ರಂದು, ಮೊದಲ ಟಪಾಲು ಹಾರಾಟಕ್ಕೆ ಐವತ್ತು ವರ್ಷ ತುಂಬಿದ ದಿನ, ಎಪ್ಪತ್ತೆಂಟರ ಆ ವೃದ್ಧರು ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಒಂಟಿಯಾಗಿ ಹಾರಿ ಬಂದರು. ಅಧಿಕಾರವಿಲ್ಲ, ಸಂಸ್ಥೆ ತಮ್ಮದಲ್ಲ, ಪಂದ್ಯವಿಲ್ಲ, ಬಹುಮಾನವಿಲ್ಲ. ಅರ್ದ್‌ಲೋ ಮರಳಿನಲ್ಲಿ ಹುಟ್ಟಿದ ಆನಂದ ಮಾತ್ರ ಉಳಿದಿತ್ತು. ಅದನ್ನು ಯಾವ ಸರಕಾರವೂ ರಾಷ್ಟ್ರೀಕರಿಸಲಾರದು.

ಓದಿನ ಮೇಲಿನ ಅವರ ಗೌರವಕ್ಕೆ ಕನ್ನಡನಾಡಿನಲ್ಲಿಯೂ ಗುರುತುಂಟು: 1988ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಅವರ ಕನಸಿನ ಕೂಸು. ವಿಜ್ಞಾನಿಯೂ ಆಡಳಿತಗಾರನೂ ಸಾಹಿತ್ಯದ ವಿದ್ವಾಂಸನೂ ಒಂದೆಡೆ ಕುಳಿತು ವಿಚಾರ ಮಾಡಬೇಕೆಂಬುದು ಅದರ ಆಶಯ. 1992ರಲ್ಲಿ ಭಾರತರತ್ನ ಬಂದಿತು. ಮರುವರ್ಷ ನವೆಂಬರ್ 29ರಂದು ಜಿನೀವಾದಲ್ಲಿ ಅವರು ಕಣ್ಣು ಮುಚ್ಚಿದರು. ಪ್ಯಾರಿಸ್ಸಿನ ಪೇರ್ ಲಾಷೇಸ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಏರ್ ಇಂಡಿಯಾ 2022ರ ಜನವರಿಯಲ್ಲಿ ಮತ್ತೆ ಟಾಟಾ ಸಂಸ್ಥೆಯ ಕೈಸೇರಿತು; ನೋಡಲು ಅವರಿರಲಿಲ್ಲ.

ಸಿರಿವಂತನ ವಿನೋದವನ್ನು ನಾವೇಕೆ ಕೊಂಡಾಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ವಿನೋದಕ್ಕೆ ಹಣ ಬೇಕು. ಅದು ಅವರಿಗೆ ಹುಟ್ಟಿನಿಂದ ಬಂದಿತ್ತು, ಅದರಲ್ಲಿ ಅವರ ಹೆಚ್ಚುಗಾರಿಕೆಯಿಲ್ಲ. ಅಬೂಕೀರಿನಲ್ಲಿ ಎದುರಾಳಿಗೆ ನೆರವಾಗುವುದಕ್ಕೆ, ಪರರ ಕಾಗದವನ್ನು ತನ್ನ ಪ್ರಾಣದಷ್ಟೇ ಎಚ್ಚರದಿಂದ ಒಯ್ಯುವುದಕ್ಕೆ, ಕೈಬಿಟ್ಟುಹೋದ ಸಂಸ್ಥೆಗೆ ಇಪ್ಪತ್ತೈದು ವರ್ಷ ಕೂಲಿಯಿಲ್ಲದೆ ದುಡಿಯುವುದಕ್ಕೆ ಹಣ ಬೇಕಾಗಲಿಲ್ಲ. ಆ ಭಾಗ ಅವರದೇ ಗಳಿಕೆ. ಆಕಾಶ ನೋಡಿ ಕನಸು ಕಾಣುವ ಹುಡುಗರು ನಮ್ಮ ಕುಷ್ಟಗಿ ಯಲಬುರ್ಗಾಗಳ ಶಾಲೆಗಳಲ್ಲಿಯೂ ಇದ್ದಾರೆ. ಅವರಿಗೆ ಪತಂಗ ದೊರೆಯುವುದೋ ಇಲ್ಲವೋ, ಟಪಾಲಿನ ಚೀಲವಂತೂ ಎಲ್ಲರ ಪಾಲಿಗೂ ಒಂದಲ್ಲ ಒಂದು ರೂಪದಲ್ಲಿ ಕಾದಿರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದನ್ನು ಈ ಬಾಳಿನಿಂದ ಕಲಿತರೆ ಸಾಕು.